ಕೊಟ್ಟದ್ದೆ? ಇಟ್ಟದ್ದೆ?

ಹೋದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬನು ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದನು. ಹದಿನೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತು ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ. ಈಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಉದ್ಯೋಗಸ್ಥ. ಯೂರೋಪು ಖಂಡದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದವರ ಲೆಕ್ಕಪತ್ರಗಳು ಸಮುದ್ರದಡಿಯ ತಂತಿಗಳ ಮಾರ್ಗವಾಗಿ ಇಲ್ಲಿಗೆ ಬರುತ್ತವೆಯಂತೆ. ಅವನ್ನು ಅಲ್ಲಿಯ ವಿಮಾಸಂಸ್ಥೆಗಳ ಪರವಾಗಿ ಪರಿಶೀಲಿಸಿ ಹಿಂದಕ್ಕೆ ಕಳುಹಿಸುವುದು ಅವನ ಕೆಲಸ. ಕೆಲಸದ ಕೊಠಡಿಯನ್ನು ಹೊಗುವ ಮೊದಲು ಮೊಬೈಲನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಮೇಜಿನ ಮೇಲೆ ಕಾಗದವಾಗಲಿ ಲೇಖನಿಯಾಗಲಿ ಇರಕೂಡದು. ಯಾರು ಯಾವ ಪತ್ರವನ್ನು ಎಷ್ಟು ಹೊತ್ತಿಗೆ ತೆರೆದರೆಂಬುದೆಲ್ಲ ದಾಖಲಾಗುತ್ತದೆ. ಇದನ್ನೆಲ್ಲ ವರ್ಣಿಸಿ, "ಒಬ್ಬ ರೋಗಿಯ ಹೆಸರು ಹೊರಗೆ ಬಿದ್ದರೂ ನಮ್ಮ ಸಂಸ್ಥೆಗೆ ಆ ಕೆಲಸ ತಪ್ಪಿಹೋದಂತೆಯೇ, ಮೇಷ್ಟ್ರೇ" ಎಂದನು.

ಕಾಫಿ ತಂದಿಟ್ಟ ನಮ್ಮ ಮನೆಯವರು ಇದನ್ನು ಕೇಳುತ್ತ ನಿಂತಿದ್ದರು. "ಹಾಗಾದರೆ ನನ್ನ ರಕ್ತಪರೀಕ್ಷೆಯ ಸಂಗತಿ ಊರಿಗೆಲ್ಲ ತಿಳಿದದ್ದು ಹೇಗಪ್ಪ?" ಎಂದು ಕೇಳಿದರು. ಸಂಗತಿಯೇನೆಂದರೆ, ಅದಕ್ಕೆ ಹದಿನೈದು ದಿನ ಮುಂಚೆ ಅವರು ಪೇಟೆಯ ಒಂದು ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡಿಸಿದ್ದರು. ಫಲಿತಾಂಶ ನಮ್ಮ ಕೈಸೇರಿದ ಮೂರನೆಯ ದಿನ ಯಾರೋ ಅಪರಿಚಿತರು ಮೊಬೈಲಿಗೆ ಕರೆಮಾಡಿ, ಹೆಸರು ಹಿಡಿದು ಮಾತನಾಡಿಸಿ, ಸಕ್ಕರೆ ಕಾಯಿಲೆಗೆ ತಮ್ಮ ಚೂರ್ಣವೇ ಮದ್ದೆಂದರು. ಮರುದಿನ ವಿಮೆಯವರು, ಅದರ ಮರುದಿನ ಇನ್ನಾರೋ. ಮಕ್ಕಳಿಗೆ ಸಹ ನಾವಿನ್ನೂ ಹೇಳಿರದ ಸಂಗತಿ ಅದು.

ಹುಡುಗನು ಲೋಟವನ್ನು ಕೆಳಗಿಟ್ಟನು. "ಅಮ್ಮಾ, ನಮ್ಮ ತಂದೆಯವರಿಗೂ ಹೀಗೆಯೇ ಆಯಿತು. ಹಗಲೆಲ್ಲ ನಾನು ಪರದೇಶದವರ ಕಾಯಿಲೆಯ ಗುಟ್ಟನ್ನು ಕಾಯುತ್ತೇನೆ. ನಮ್ಮಪ್ಪನ ಕಾಯಿಲೆ ಮಾತ್ರ ಬೀದಿಪಾಲು" ಎಂದನು. ಈ ಮಾತು ನನ್ನ ಮನಸ್ಸಿನಲ್ಲಿ ನಟ್ಟುನಿಂತಿತು. ಒಂದೇ ಊರಿನಲ್ಲಿ, ಒಂದೇ ಕೈಯಲ್ಲಿ, ಒಬ್ಬನ ಗುಟ್ಟಿಗೆ ಏಳು ಬೀಗ, ಮತ್ತೊಬ್ಬನ ಗುಟ್ಟಿಗೆ ಬಾಗಿಲೇ ಇಲ್ಲ, ಹೀಗಾಗಲು ಕಾರಣವೇನು? ಈ ತಿಂಗಳ ನಮ್ಮ ವಿಚಾರಕ್ಕೆ ಇದೇ ವಿಷಯ. ಇದು ವ್ಯಾಪಾರಿಗಳಿಗೂ ವಕೀಲರಿಗೂ ಮಾತ್ರ ಸಂಬಂಧಿಸಿದ್ದೆಂದು ವಾಚಕರು ಪುಟವನ್ನು ತಿರುವಬಾರದೆಂದು ಪ್ರಾರ್ಥನೆ.

ಮೊದಲು ಶಬ್ದವಿಚಾರ. ಹೆಸರು, ವಯಸ್ಸು, ವಿಳಾಸ, ರೋಗ, ಸಾಲ, ಕೊಂಡ ಸಾಮಾನು, ಹೋದ ದಾರಿ, ಇವೆಲ್ಲದರ ವಿವರಗಳಿಗೆ ಈಗ ಲೋಕದಲ್ಲಿ 'ಡೇಟಾ' ಎಂಬ ಹೆಸರು ನಿಂತಿದೆ. ಇದು ಲ್ಯಾಟಿನ್ ಮಾತು. ಅರ್ಥ, 'ಕೊಡಲ್ಪಟ್ಟವು' ಎಂದು. ನಮ್ಮ 'ದತ್ತ' ಶಬ್ದವೂ ಅದೂ ಒಂದೇ ಮೂಲದಿಂದ ಹುಟ್ಟಿದುವು. ಎರಡಕ್ಕೂ 'ದಾ' ಎಂಬ ಧಾತುವೇ ಬೇರು. ಕನ್ನಡದಲ್ಲಿ 'ದತ್ತಾಂಶ' ಎಂದು ಮಾಡಿಕೊಂಡವರು ಶಬ್ದಶಾಸ್ತ್ರದ ದೃಷ್ಟಿಯಿಂದ ಸರಿಯಾಗಿಯೇ ಮಾಡಿದ್ದಾರೆ. ಆದರೆ ಧರ್ಮಶಾಸ್ತ್ರದ ದೃಷ್ಟಿಯಿಂದ ನೋಡಿದರೆ ತೊಡಕೆಲ್ಲ ಈ ಹೆಸರಿನಲ್ಲಿಯೇ ಇದೆ. ಕೊಟ್ಟದ್ದು ಕೊಟ್ಟವನದಲ್ಲ, ದಾನಮಾಡಿದ ಹಸುವಿನ ಹಾಲನ್ನು ಕೇಳುವ ಹಕ್ಕು ದಾನಿಗೆ ಇಲ್ಲ. ಪ್ರಯೋಗಾಲಯದವನಿಗೆ ನಮ್ಮ ಮನೆಯವರು ತಮ್ಮ ವಿವರವನ್ನು ಕೊಟ್ಟರೆ? ಅಥವಾ ಅವನಲ್ಲಿ ಇಟ್ಟರೆ?

ನಮ್ಮ ಪ್ರಾಚೀನರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮನುವು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದು ಸಾಲ. ಎರಡನೆಯದೇ ನಿಕ್ಷೇಪ, ಎಂದರೆ ನಂಬಿ ಇಟ್ಟ ವಸ್ತು. ಮೂರನೆಯದು ಅಸ್ವಾಮಿವಿಕ್ರಯ, ಎಂದರೆ ಒಡೆಯನಲ್ಲದವನು ಮಾಡಿದ ಮಾರಾಟ. ಯಾಜ್ಞವಲ್ಕ್ಯಸ್ಮೃತಿಯಲ್ಲಿ 'ಉಪನಿಧಿ' ಎಂಬ ಪ್ರಕರಣವೇ ಉಂಟು. ಒಳಗೇನಿದೆಯೆಂದು ಹೇಳದೆ, ಕರಂಡದಲ್ಲಿ ಮುಚ್ಚಿ, ಮತ್ತೊಬ್ಬನ ಕೈಗೆ ಒಪ್ಪಿಸಿದ ವಸ್ತುವೇ ಉಪನಿಧಿ. ಇಟ್ಟುಕೊಂಡವನು ಅದನ್ನು ಇದ್ದಂತೆಯೇ ಹಿಂದಿರುಗಿಸತಕ್ಕದ್ದು. ರಾಜನಿಂದಾಗಲಿ, ದೈವದಿಂದಾಗಲಿ, ಕಳ್ಳರಿಂದಾಗಲಿ ನಷ್ಟವಾದರೆ ಅವನ ಮೇಲೆ ತಪ್ಪಿಲ್ಲ. ಕೇಳಿದಾಗ ಕೊಡದೆ ಇಟ್ಟುಕೊಂಡು ಆಮೇಲೆ ನಷ್ಟವಾದರೆ ತಪ್ಪುಂಟು. ತನ್ನ ಇಚ್ಛೆಯಿಂದ ಅದನ್ನು ಬಳಸಿ ಬದುಕಿದನೋ, ದಂಡವನ್ನೂ ತೆರಬೇಕು, ವಸ್ತುವನ್ನು ಲಾಭಸಮೇತ ಹಿಂದಕ್ಕೂ ಕೊಡಬೇಕು. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿದ್ದವನು, ನಮ್ಮ ನಾಡಿನವನು. ಹೀಗಿರುವುದರಿಂದ, ವಿವರರಕ್ಷಣೆಯ ಕಾಯಿದೆಯು ಪಶ್ಚಿಮದವರ ಹೊಸ ಶೋಕಿಯೆಂದು ನಾವು ಹೇಳುವುದು ಸಲ್ಲದು. ವಸ್ತು ಹೊಸದು; ಧರ್ಮ ಹಳೆಯದು.

ಪಶ್ಚಿಮದವರಿಗೆ ಈ ಧರ್ಮವು ನೆನಪಾದದ್ದು ದೊಡ್ಡ ದುಃಖವನ್ನು ಅನುಭವಿಸಿದ ಮೇಲೆ. ಹಾಲೆಂಡಿನ ಜನಸಂಖ್ಯಾ ದಾಖಲೆಗಳು ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಚ್ಚುಕಟ್ಟಿಗೆ ಹೆಸರಾಗಿದ್ದುವು. ಒಬ್ಬೊಬ್ಬ ಪ್ರಜೆಗೂ ಒಂದೊಂದು ಚೀಟಿ. ಅದರಲ್ಲಿ ವಿಳಾಸ, ಕುಟುಂಬ, ಮತ. ಬರೆದಿಟ್ಟ ಗುಮಾಸ್ತರಲ್ಲಿ ದುರುದ್ದೇಶವೇನೂ ಇರಲಿಲ್ಲ. ೧೯೪೦ರಲ್ಲಿ ನಾಟ್ಸಿಗಳು ಆ ದೇಶವನ್ನು ಆಕ್ರಮಿಸಿದಾಗ ಯೆಹೂದ್ಯರ ಮನೆಗಳನ್ನು ಹುಡುಕುವುದಕ್ಕೆ ಆ ಚೀಟಿಗಳು ಒದಗಿದುವು. ೧೯೪೩ರ ಮಾರ್ಚಿಯಲ್ಲಿ ಕೆಲವರು ದೇಶಭಕ್ತರು, ಅವರಲ್ಲಿ ಚಿತ್ರಕಾರರೂ ಇದ್ದರು, ಪೋಲೀಸರ ವೇಷದಲ್ಲಿ ಆಮ್‌ಸ್ಟರ್‌ಡಾಮಿನ ದಾಖಲೆ ಕಚೇರಿಯನ್ನು ಹೊಕ್ಕು ಬೆಂಕಿಯಿಟ್ಟರು. ಒಂದಷ್ಟು ಚೀಟಿಗಳು ಸುಟ್ಟುವು; ಬಹುಪಾಲು ಉಳಿದುವು. ಅವರಲ್ಲಿ ಬಹುಮಂದಿ ಸಿಕ್ಕಿಬಿದ್ದು ಪ್ರಾಣದಂಡಕ್ಕೆ ಗುರಿಯಾದರು. ಆ ದೇಶದ ಯೆಹೂದ್ಯರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಯುದ್ಧದ ಕೊನೆಗೆ ಉಳಿದಿರಲಿಲ್ಲ. ಒಳ್ಳೆಯ ಕಾಲದಲ್ಲಿ ಒಳ್ಳೆಯ ಕೆಲಸಕ್ಕೆಂದು ಬರೆದಿಟ್ಟ ಪಟ್ಟಿ ಕೆಟ್ಟ ಕಾಲದಲ್ಲಿ ಯಾರ ಕೈಗೆ ಬೀಳುವುದೆಂದು ಹೇಳಬಲ್ಲವರಾರು? ಯೂರೋಪಿನವರು ಇಂದು ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದೇಕೆಂದು ಕೇಳುವವರು ಈ ಸಂಗತಿಯನ್ನು ನೆನೆಯಬೇಕು.

ಯುದ್ಧಾನಂತರ ಗಣಕಯಂತ್ರಗಳು ಬಂದುವು. ಜರ್ಮನಿಯ ಹೆಸ್ಸೆ ಪ್ರಾಂತವು ೧೯೭೦ರಲ್ಲಿ ವಿವರರಕ್ಷಣೆಗಾಗಿ ಪ್ರಪಂಚದ ಮೊದಲ ಕಾಯಿದೆಯನ್ನು ಮಾಡಿತು. ೧೯೭೩ರಲ್ಲಿ ಸ್ವೀಡನ್ ದೇಶವು ಇಡೀ ರಾಷ್ಟ್ರಕ್ಕೆ ಅನ್ವಯಿಸುವಂತೆ ಮಾಡಿತು. ಒಡನೆಯೇ ಒಂದು ಪ್ರಶ್ನೆ ಹುಟ್ಟಿತು. ನಮ್ಮ ದೇಶದೊಳಗೆ ಬೀಗ ಹಾಕಿ ಫಲವೇನು, ವಿವರವನ್ನು ಗಡಿಯಾಚೆಗೆ ಸಾಗಿಸಿ ಅಲ್ಲಿ ಬಿಚ್ಚಿದರೆ? ಹಾಗೆಂದು ಗಡಿಯನ್ನೇ ಮುಚ್ಚಿದರೆ ವ್ಯಾಪಾರವು ನಡೆಯುವುದು ಹೇಗೆ? ೧೯೮೦ರಲ್ಲಿ ಪ್ಯಾರಿಸ್ಸಿನ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ಹೊರಡಿಸಿದ ಸೂತ್ರಗಳ ಹೆಸರಿನಲ್ಲಿಯೇ ಎರಡು ಮಾತುಗಳೂ ಇವೆ, ರಕ್ಷಣೆ ಒಂದು, ಗಡಿದಾಟುವ ಪ್ರವಾಹ ಇನ್ನೊಂದು. ಅಂದಿನಿಂದ ಇಂದಿನವರೆಗೆ ಈ ಶಾಸ್ತ್ರವೆಲ್ಲ ಈ ಎರಡರ ತೂಗಾಟವೇ. ೧೯೯೪ರಲ್ಲಿ ಮರ್ರಾಕೆಷ್ ನಗರದಲ್ಲಿ ಆದ ಸೇವಾವ್ಯಾಪಾರದ ಒಪ್ಪಂದದ ೧೪ನೆಯ ಅನುಚ್ಛೇದವೂ ಇದನ್ನೇ ಹೇಳುತ್ತದೆ. ಪ್ರಜೆಗಳ ಖಾಸಗಿ ವಿವರಗಳ ರಕ್ಷಣೆಗೆ ಬೇಕಾದ ನಿಯಮಗಳನ್ನು ಯಾವ ದೇಶವೂ ಮಾಡಬಹುದು. ಆದರೆ ವ್ಯಾಪಾರವನ್ನು ತಡೆಯುವ ಉಪಾಯಕ್ಕೆ ಅದನ್ನು ಮುಸುಕಾಗಿ ಹೊದಿಸಬಾರದು.

ಯೂರೋಪಿನ ಒಕ್ಕೂಟವು ೧೯೯೫ರಲ್ಲಿ ಮಾಡಿದ ನಿರ್ಣಯವು ಪ್ರಪಂಚದ ವ್ಯಾಪಾರಕ್ಕೆ ಹೊಸ ತಿರುವನ್ನು ಕೊಟ್ಟಿತು. ಅದರ ಸಾರವನ್ನು ಗೃಹಕೃತ್ಯದ ಮಾತಿನಲ್ಲಿ ಹೀಗೆ ಹೇಳಬಹುದು. ನಿಮ್ಮ ಒಡವೆಯ ಪೆಟ್ಟಿಗೆಯನ್ನು ನಂಬಿಕಸ್ಥನಾದ ಒಬ್ಬನಲ್ಲಿ ಇಟ್ಟಿದ್ದೀರಿ. ಅವನು ಊರಿಗೆ ಹೋಗುವಾಗ ಅದನ್ನು ಇನ್ನೊಬ್ಬನ ಮನೆಯಲ್ಲಿ ಇಡಬಹುದೆ? ಇಡಬಹುದು, ಆ ಮನೆಯ ಬಾಗಿಲೂ ಬೀಗವೂ ಯಜಮಾನನ ನಡತೆಯೂ ಇವನ ಮನೆಗೆ ಸರಿಸಮವಾಗಿರಬೇಕು. ಹಾಗೆ ಸಮವೆಂದು ಯೂರೋಪಿನ ಆಯೋಗವು ಒಪ್ಪಿದ ದೇಶಕ್ಕೆ ವಿವರವು ಅಡ್ಡಿಯಿಲ್ಲದೆ ಹೋಗುತ್ತದೆ. ಒಪ್ಪದ ದೇಶಕ್ಕೆ ಪ್ರತಿಯೊಂದು ವ್ಯವಹಾರಕ್ಕೂ ಬೇರೆ ಬೇರೆ ಕರಾರು ಬರೆದು, ಜವಾಬ್ದಾರಿ ಹೊತ್ತು, ಕಳುಹಿಸಬೇಕು. ೨೦೧೬ರಲ್ಲಿ ಅಂಗೀಕೃತವಾಗಿ ೨೦೧೮ರ ಮೇ ೨೫ರಿಂದ ನಡೆಯುತ್ತಿರುವ ಹೊಸ ನಿಬಂಧನೆಯು ಈ ಕ್ರಮವನ್ನೇ ಬಿಗಿಮಾಡಿದೆ. ತಪ್ಪಿದವರಿಗೆ ೨ ಕೋಟಿ ಯೂರೋ ಅಥವಾ ಪ್ರಪಂಚದಲ್ಲೆಲ್ಲ ಆ ಸಂಸ್ಥೆಯು ಮಾಡುವ ವಾರ್ಷಿಕ ವಹಿವಾಟಿನ ನೂರಕ್ಕೆ ೪, ಇವುಗಳಲ್ಲಿ ಹೆಚ್ಚಿನದರವರೆಗೆ ದಂಡವುಂಟು.

ಈ ಕಾಯಿದೆಗೆ ನಿಜವಾಗಿ ಹಲ್ಲಿದೆಯೆ ಎಂದು ಸಂಶಯಪಡುವವರಿಗೆ ಒಬ್ಬ ವಿದ್ಯಾರ್ಥಿಯ ಕಥೆ ಸಾಕು. ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯ ದೇಶದ ಕಾನೂನು ವಿದ್ಯಾರ್ಥಿ ೨೦೧೩ರಲ್ಲಿ ಒಂದು ದೂರು ಕೊಟ್ಟನು. ಅಮೆರಿಕದ ಗುಪ್ತಚಾರ ಇಲಾಖೆಯು ದೊಡ್ಡ ಸಂಸ್ಥೆಗಳ ಕಣಜದಿಂದ ಜನರ ವಿವರಗಳನ್ನು ನೋಡುತ್ತಿದೆಯೆಂದು ಅದೇ ವರ್ಷ ಹೊರಬಿದ್ದಿತ್ತು. ಹಾಗಿದ್ದ ಮೇಲೆ ನನ್ನ ವಿವರವನ್ನು ಫೇಸ್‌ಬುಕ್ಕಿನವರು ಅಲ್ಲಿಗೆ ಸಾಗಿಸುವುದು ನ್ಯಾಯವೆ ಎಂದು ಅವನ ಪ್ರಶ್ನೆ. ಯೂರೋಪು ಅಮೆರಿಕಗಳ ನಡುವೆ ೨೦೦೦ದಿಂದ ನಡೆದುಬಂದಿದ್ದ ಏರ್ಪಾಡನ್ನು ಯೂರೋಪಿನ ನ್ಯಾಯಾಲಯವು ೨೦೧೫ರಲ್ಲಿ ರದ್ದುಗೊಳಿಸಿತು. ೨೦೧೬ರಲ್ಲಿ ಮತ್ತೊಂದು ಏರ್ಪಾಡಾಯಿತು. ೨೦೨೦ರಲ್ಲಿ ಅದೂ ಬಿದ್ದುಹೋಯಿತು. ೨೦೨೩ರಲ್ಲಿ ಮೂರನೆಯದು ಬಂದಿತು. ಅದೇ ವರ್ಷ ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಸಂಸ್ಥೆಗೆ ವಿವರಗಳನ್ನು ಕ್ರಮತಪ್ಪಿ ಸಾಗಿಸಿದುದಕ್ಕಾಗಿ ೧೨೦ ಕೋಟಿ ಯೂರೋ ದಂಡ ಬಿತ್ತು. ಒಬ್ಬ ವಿದ್ಯಾರ್ಥಿಯು ನ್ಯಾಯಾಲಯದ ಬಾಗಿಲನ್ನು ತಟ್ಟಿ ಎರಡು ಖಂಡಗಳ ವ್ಯಾಪಾರವನ್ನು ನಿಲ್ಲಿಸಿ ಕೇಳುವಂತಾದುದು ಕಾಯಿದೆಯು ಇದ್ದುದರಿಂದ.

ಇನ್ನು ನಮ್ಮ ದೇಶದ ಮಾತು. ಯೂರೋಪು ಸಮವೆಂದು ಒಪ್ಪಿದ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್‌ಲೆಂಡ್, ಅರ್ಜೆಂಟೀನ, ನ್ಯೂಜಿಲೆಂಡ್ ಮುಂತಾದುವು ಬಹುಕಾಲದಿಂದ ಇವೆ. ೨೦೧೯ರಲ್ಲಿ ಜಪಾನೂ ೨೦೨೧ರಲ್ಲಿ ದಕ್ಷಿಣ ಕೊರಿಯವೂ ಸೇರಿದುವು. ಪರರ ಲೆಕ್ಕಪತ್ರಗಳನ್ನು ನೋಡಿಕೊಡುವ ಉದ್ಯೋಗದಲ್ಲಿ ಪ್ರಪಂಚಕ್ಕೇ ಹೆಸರಾದ ಭಾರತವು ಆ ಪಟ್ಟಿಯಲ್ಲಿ ಸೇರಲಿಲ್ಲ. ೨೦೦೭ರಲ್ಲಿ ಯೂರೋಪಿನೊಡನೆ ವ್ಯಾಪಾರ ಒಪ್ಪಂದದ ಮಾತುಕತೆ ಮೊದಲಾಗಿ ೨೦೧೩ರಲ್ಲಿ ನಿಂತುಹೋದಾಗ, ಭಾರತವನ್ನು ವಿವರಸುರಕ್ಷಿತ ದೇಶವೆಂದು ಮನ್ನಿಸಬೇಕೆಂಬ ನಮ್ಮ ಕೋರಿಕೆಯೂ ಬಗೆಹರಿಯದ ವಿಷಯಗಳಲ್ಲಿ ಒಂದಾಗಿತ್ತು. ಆದುದರಿಂದಲೇ ನನ್ನ ಶಿಷ್ಯನ ಸಂಸ್ಥೆಯು ಕರಾರಿನ ಮೇಲೆ ಕರಾರು ಬರೆದುಕೊಟ್ಟು, ಕೊಠಡಿಯಿಂದ ಕಾಗದವನ್ನು ಸಹ ಹೊರಗಿಟ್ಟು, ನಂಬಿಕೆಯನ್ನು ಸಂಪಾದಿಸಬೇಕಾಗಿದೆ. ದೊಡ್ಡ ಸಂಸ್ಥೆಗಳಿಗೆ ಈ ಖರ್ಚು ಭಾರವಲ್ಲ. ಹತ್ತಿಪ್ಪತ್ತು ಜನ ಸೇರಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೆಲಸ ಮೊದಲಿಡುವವರಿಗೆ ವಕೀಲರ ಶುಲ್ಕವೇ ಮೊದಲ ಅಡ್ಡಗೋಡೆ. ದೇಶಕ್ಕೆ ಇಲ್ಲದ ನಂಬಿಕೆಯನ್ನು ಒಬ್ಬೊಬ್ಬನೂ ತನ್ನ ಕೈಯಿಂದ ಕೊಂಡುಕೊಳ್ಳಬೇಕಾದಾಗ ಬಡವನಿಗೆ ಅದು ದುಬಾರಿ.

ಹುಡುಗನ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಪರದೇಶದ ರೋಗಿಯ ಹಿಂದೆ ಅವನ ದೇಶದ ಕಾಯಿದೆಯು ಸಮುದ್ರವನ್ನು ದಾಟಿ ಬೆಂಗಳೂರಿನ ಕೊಠಡಿಯವರೆಗೆ ಬಂದು ನಿಂತಿದೆ. ಅವನ ತಂದೆಯ ಹಿಂದೆ, ಪಕ್ಕದ ಬೀದಿಯವರೆಗೆ ಬರತಕ್ಕ ಕಾಯಿದೆಯೂ ಬಹುಕಾಲ ಇರಲಿಲ್ಲ.

ಇಲ್ಲವೇ ಇಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನದ ೨೦೦೦ದ ಕಾಯಿದೆಗೆ ೨೦೦೮ರಲ್ಲಿ ಒಂದು ಕಲಮನ್ನು ಸೇರಿಸಿ, ೨೦೧೧ರಲ್ಲಿ ನಿಯಮಗಳನ್ನು ಮಾಡಿದರು. ಅದು ಜನಸಾಮಾನ್ಯನ ಕೈಗೆ ಎಟುಕುವಂಥದಾಗಿರಲಿಲ್ಲ. ನಿಜವಾದ ತಿರುವು ಬಂದದ್ದು ನಮ್ಮ ನಾಡಿನವರಿಂದ. ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಏರ್ಪಾಡನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಕಂಠದಿಂದ, ಖಾಸಗಿತನವು ಪ್ರಜೆಯ ಮೂಲಭೂತವಾದ ಹಕ್ಕೆಂದು ತೀರ್ಪುಕೊಟ್ಟರು. ನಿವೃತ್ತರಾದ ಮೇಲೆ ಜಗಲಿಯಲ್ಲಿ ಕುಳಿತು ಕಾಲವನ್ನು ದೂರುವ ನಮ್ಮಂಥವರಿಗೆ ಆ ಹಿರಿಯರು ಒಂದು ಪಾಠ. ಅವರು ೨೦೨೪ರಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮುಂದೆ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣರ ಸಮಿತಿಯು ೨೦೧೮ರಲ್ಲಿ ವರದಿಯನ್ನು ಒಪ್ಪಿಸಿತು. ವಿವರವನ್ನು ಇಟ್ಟುಕೊಳ್ಳುವವನಿಗೆ ಆ ವರದಿಯು ಕೊಟ್ಟ ಹೆಸರು 'ಫಿಡೂಷಿಯರಿ', ಎಂದರೆ ನಂಬಿ ಒಪ್ಪಿಸಿದುದನ್ನು ಕಾಯತಕ್ಕವನು. ಯಾಜ್ಞವಲ್ಕ್ಯನ ಉಪನಿಧಿಯು ಬೇರೊಂದು ಬಾಗಿಲಿನಿಂದ ಮನೆಗೆ ಬಂದಂತಾಯಿತು. ೨೦೧೯ರ ಮಸೂದೆಯನ್ನು ೨೦೨೨ರಲ್ಲಿ ಹಿಂದಕ್ಕೆ ತೆಗೆದುಕೊಂಡು, ಹೊಸದನ್ನು ಬರೆದು, ೨೦೨೩ರ ಆಗಸ್ಟಿನಲ್ಲಿ ಕಾಯಿದೆಯಾಗಿ ಮಾಡಿದರು. ನಿಯಮಗಳು ಹೊರಟದ್ದು ೨೦೨೫ರ ನವೆಂಬರಿನಲ್ಲಿ. ಮುಖ್ಯ ಕರ್ತವ್ಯಗಳು ಜಾರಿಗೆ ಬರುವುದಕ್ಕೆ ಅಂದಿನಿಂದ ೧೮ ತಿಂಗಳ ಅವಧಿಯನ್ನು ಕೊಟ್ಟಿದ್ದಾರೆ. ಒಪ್ಪಿಗೆಯನ್ನು ಕೇಳಿ ಪಡೆಯಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಬೇಕು. ವಿವರವು ಸೋರಿಹೋದರೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಕಾಪಾಡುವುದರಲ್ಲಿ ತಪ್ಪಿದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ. ಹಿಂದಕ್ಕೆ ಪಡೆಯಬಹುದಾದ್ದರಿಂದ ಅದು ದಾನವಲ್ಲ, ನಿಕ್ಷೇಪ ಎಂಬುದನ್ನು ಕಾಯಿದೆಯೇ ಒಪ್ಪಿದಂತಾಯಿತಷ್ಟೆ.

ಆದರೆ ಇದರಲ್ಲಿ ಕೊರತೆಗಳಿಲ್ಲದೆ ಇಲ್ಲ. ಪರದೇಶದವರ ವಿವರವನ್ನು ಪರದೇಶದವರ ಕರಾರಿನಂತೆ ಇಲ್ಲಿ ನೋಡಿಕೊಡುವ ಸಂಸ್ಥೆಗಳಿಗೆ, ಭದ್ರವಾಗಿ ಇಡಬೇಕೆಂಬುದರ ಹೊರತು ಬಹುತೇಕ ಕರ್ತವ್ಯಗಳಿಂದ ವಿನಾಯಿತಿಯಿದೆ. ಇದು ವ್ಯಾಪಾರದ ಅನುಕೂಲಕ್ಕಾಗಿ ಎಂಬುದು ಸ್ಪಷ್ಟ, ಅದರಲ್ಲಿ ದೊಡ್ಡ ದೋಷವೂ ಕಾಣದು. ಸರಕಾರವು ತಾನು ಸೂಚಿಸಿದ ತನ್ನ ಅಂಗಗಳನ್ನು ಕಾಯಿದೆಯಿಂದ ಹೊರಗಿಡಬಹುದು ಎಂಬುದು ಹಾಗಲ್ಲ. ಹಾಲೆಂಡಿನ ಚೀಟಿಗಳು ಇದ್ದದ್ದು ಯಾವ ಅಂಗಡಿಯಲ್ಲಿಯೂ ಅಲ್ಲ, ಸರಕಾರದ ಕಚೇರಿಯಲ್ಲಿ. ಇದನ್ನು ನೆನೆದವರಿಗೆ ಈ ವಿನಾಯಿತಿಯು ಹಿಡಿಸದು. ಯೂರೋಪಿನ ನ್ಯಾಯಾಲಯವು ಅಮೆರಿಕದ ಏರ್ಪಾಡನ್ನು ಎರಡು ಸಲ ಮುರಿದದ್ದು ಸರಕಾರದ ಇಣುಕುನೋಟಕ್ಕೆ ಮಿತಿಯಿಲ್ಲವೆಂಬ ಕಾರಣದಿಂದಲೇ. ಆದುದರಿಂದ ಈ ಕೊರತೆಯು ನಮ್ಮ ಪ್ರಜೆಗೂ ಕೇಡು, ನಮ್ಮ ವ್ಯಾಪಾರಕ್ಕೂ ತೊಡಕು.

ವಿವರವು ದೇಶವನ್ನು ಬಿಟ್ಟು ಹೋಗಲೇಬಾರದೆಂಬ ಪಕ್ಷವೂ ಒಂದುಂಟು. ನಮ್ಮ ಹತ್ತಿಯು ಹಡಗಿನಲ್ಲಿ ಹೋಗಿ ಬಟ್ಟೆಯಾಗಿ ಹಿಂದಿರುಗಿ ನಮ್ಮ ನೇಕಾರನನ್ನು ಕೆಡಿಸಿದಂತೆ, ನಮ್ಮ ವಿವರಗಳೂ ಹೋಗಿ ಪರರ ಐಶ್ವರ್ಯವಾಗುತ್ತಿವೆ ಎಂದು ಅವರ ವಾದ. ಹಣ ಪಾವತಿಯ ವಿವರಗಳನ್ನು ಭಾರತದಲ್ಲಿಯೇ ಇಡತಕ್ಕದ್ದೆಂದು ರಿಸರ್ವ್ ಬ್ಯಾಂಕು ೨೦೧೮ರಲ್ಲಿ ಆಜ್ಞೆಮಾಡಿತು. ೨೦೧೯ರಲ್ಲಿ ಜಪಾನಿನ ಒಸಾಕ ನಗರದಲ್ಲಿ ವಿವರಗಳ ಮುಕ್ತ ಸಂಚಾರಕ್ಕಾಗಿ ಘೋಷಣೆಯೊಂದು ಸಿದ್ಧವಾದಾಗ ಭಾರತ, ಇಂಡೊನೇಷಿಯ, ದಕ್ಷಿಣ ಆಫ್ರಿಕಗಳು ರುಜು ಹಾಕಲಿಲ್ಲ. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಹತ್ತಿಯ ಉಪಮಾನವು ಪೂರ್ತಿಯಾಗಿ ಹೊಂದುವುದಿಲ್ಲ. ಹತ್ತಿ ಹೋದರೆ ಹೋಯಿತು. ವಿವರವು ಹೋದರೂ ಇಲ್ಲಿಯೂ ಉಳಿದಿರುತ್ತದೆ. ನಮ್ಮ ಮನೆಯವರ ರಕ್ತಪರೀಕ್ಷೆಯ ವಿವರ ದೇಶವನ್ನು ಬಿಟ್ಟು ಹೋಗಿರಲಿಲ್ಲ. ಬಹುಶಃ ತಾಲ್ಲೂಕನ್ನೂ ಬಿಟ್ಟಿರಲಿಲ್ಲ. ವಿವರವು ಎಲ್ಲಿದೆ ಎಂಬುದಕ್ಕಿಂತ, ಅದಕ್ಕೆ ಉತ್ತರ ಹೇಳತಕ್ಕವನು ಯಾರು ಎಂಬುದು ಮುಖ್ಯ. ೨೦೨೩ರ ಕಾಯಿದೆಯೂ ಹೆಚ್ಚುಕಡಮೆ ಈ ದಾರಿಯನ್ನೇ ಹಿಡಿದು, ಸರಕಾರವು ನಿಷೇಧಿಸಿದ ದೇಶಗಳಿಗೆ ಹೊರತು ಉಳಿದ ಕಡೆಗೆ ಸಾಗಿಸಲು ಅವಕಾಶ ಕೊಟ್ಟಿದೆ.

ಹೊಟ್ಟೆಗೆ ಸಾಲದ ದೇಶಗಳಿಗೆ ಇಂಥ ಕಾಯಿದೆಗಳ ಗೊಡವೆ ಏಕೆ ಎಂದು ಕೆಲವರು ಕೇಳುತ್ತಾರೆ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಶಾಖೆಯ ೨೦೨೧ರ ಎಣಿಕೆಯಂತೆ ೧೯೪ ದೇಶಗಳಲ್ಲಿ ೧೩೭ಕ್ಕೆ ವಿವರರಕ್ಷಣೆಯ ಕಾಯಿದೆಯಿತ್ತು. ಇಲ್ಲದವುಗಳಲ್ಲಿ ಬಡದೇಶಗಳೇ ಹೆಚ್ಚು. ಆಫ್ರಿಕದ ರಾಷ್ಟ್ರಗಳು ೨೦೧೪ರಲ್ಲಿ ಮಲಾಬೊ ನಗರದಲ್ಲಿ ಮಾಡಿಕೊಂಡ ಒಡಂಬಡಿಕೆಯು ಜಾರಿಗೆ ಬರಲು ಒಂಬತ್ತು ವರ್ಷ ಹಿಡಿಯಿತು. ಕೀನ್ಯ ದೇಶವು ೨೦೧೯ರಲ್ಲಿಯೇ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತ್ತು. ವರ್ಲ್ಡ್‌ಕಾಯಿನ್ ಎಂಬ ಸಂಸ್ಥೆಯವರು ನೈರೋಬಿಯಲ್ಲಿ ಯಂತ್ರವನ್ನಿಟ್ಟು, ಕಣ್ಣಿನ ಪಾಪೆಯ ಪ್ರತಿಬಿಂಬವನ್ನು ಕೊಟ್ಟವರಿಗೆ ಗಣಕನಾಣ್ಯವನ್ನು ಕೊಡುವೆವೆಂದಾಗ ಜನರು ಸಾಲುಗಟ್ಟಿ ನಿಂತರು. ಕೈಯಲ್ಲಿ ಕಾಸಿಲ್ಲದವನಿಗೆ ಕಣ್ಣನ್ನು ತೋರಿಸುವುದು ದೊಡ್ಡದೆ? ಸರಕಾರವು ೨೦೨೩ರ ಆಗಸ್ಟಿನಲ್ಲಿ ಅದನ್ನು ನಿಲ್ಲಿಸಿತು. ೨೦೨೫ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು, ಆ ರೀತಿಯಲ್ಲಿ ಕೂಡಿಸಿದ ವಿವರಗಳನ್ನು ಅಳಿಸಿಹಾಕಬೇಕೆಂದು ಆಜ್ಞಾಪಿಸಿತು. ಆಮಿಷವೊಡ್ಡಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಸಿರಿವಂತನಿಗಿಂತ ಬಡವನಿಗೇ ಈ ರಕ್ಷಣೆ ಹೆಚ್ಚು ಬೇಕು. ಏತಕ್ಕೆಂದರೆ ಅವನ ಬಳಿ ಮಾರುವುದಕ್ಕೆ ಬೇರೇನೂ ಇಲ್ಲ.

ಇಷ್ಟು ಹೊತ್ತು ಇತರರ ತಪ್ಪುಗಳನ್ನು ಎಣಿಸಿದೆನು. ನನ್ನದೊಂದನ್ನು ಹೇಳದಿದ್ದರೆ ಈ ಲೇಖನವು ಅಪ್ರಾಮಾಣಿಕವಾದೀತು. ಸುಮಾರು ಹನ್ನೆರಡು ವರ್ಷಗಳ ಕೆಳಗೆ ನಾನು ಒಂದು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆನು. ಮನೆಪಾಠದ ಒಂದು ಖಾಸಗಿ ಸಂಸ್ಥೆಯ ಪ್ರತಿನಿಧಿಯು ಬಂದು, ಹತ್ತನೆಯ ತರಗತಿಯ ಮಕ್ಕಳ ಹೆಸರು, ತಂದೆತಾಯಿಗಳ ಮೊಬೈಲ್ ಸಂಖ್ಯೆ, ಅಂಕಗಳು, ಇವುಗಳ ಪಟ್ಟಿಯನ್ನು ಕೇಳಿದನು. ಬಡಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವೆವೆಂದನು; ಶಾಲೆಯ ಪುಸ್ತಕಭಂಡಾರಕ್ಕೆ ಎರಡು ಬೀರು ಪುಸ್ತಕ ಕೊಡಿಸುವೆವೆಂದನು. ಪುಸ್ತಕವೆಂದರೆ ನನಗೆ ಆಸೆ. ಪಟ್ಟಿಯನ್ನು ಕೊಟ್ಟೆನು. ಪುಸ್ತಕಗಳು ಬಂದುವು.

ಎರಡು ತಿಂಗಳಾದ ಮೇಲೆ ಒಬ್ಬ ಹುಡುಗನ ತಂದೆ, ಗಾರೆ ಕೆಲಸದವನು, ಶಾಲೆಗೆ ಬಂದು ಹೊರಗೆ ನಿಂತಿದ್ದನು. ಕರೆದು ವಿಚಾರಿಸಿದೆನು. ಆ ಸಂಸ್ಥೆಯವರು ಕರೆಮಾಡಿ, ಅವನ ಮಗನಿಗೆ ಗಣಿತದಲ್ಲಿ ಬಂದ ಅಂಕವನ್ನು ಸಹ ಹೇಳಿ, ಪಾಠಕ್ಕೆ ಸೇರದಿದ್ದರೆ ಹುಡುಗ ತೇರ್ಗಡೆಯಾಗನೆಂದು ಹೆದರಿಸಿದ್ದರು. ಸಾಲಮಾಡಿ ಮುಂಗಡ ಕಟ್ಟಿದ್ದನು. ಪಾಠ ನಡೆಯಲಿಲ್ಲ, ಹಣವೂ ಹಿಂದಿರುಗಲಿಲ್ಲ. "ಅಂಕವೆಲ್ಲ ಗೊತ್ತಿತ್ತಲ್ಲಾ ಸ್ವಾಮಿ, ಇಸ್ಕೂಲಿಂದಲೇ ಹೇಳಿ ಕಳಿಸಿದ್ದಾರೆ ಅಂದುಕೊಂಡೆ. ನೀವು ಹೇಳಿದ ಮೇಲೆ ಸರಿಯೇ ಇರಬೇಕು ಅಂತ ಕಟ್ಟಿದೆ" ಎಂದನು. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ಮುಂಗಡವನ್ನು ನನ್ನ ಸಂಬಳದಿಂದ ಅವನಿಗೆ ಕೊಟ್ಟೆನು. ಬಲವಂತಮಾಡಿದ ಮೇಲೆ ತೆಗೆದುಕೊಂಡನು. ಆದರೆ ಆ ಪಟ್ಟಿಯಲ್ಲಿ ಅರುವತ್ತಕ್ಕಿಂತ ಹೆಚ್ಚು ಮನೆಗಳಿದ್ದುವು. ಉಳಿದವರಲ್ಲಿ ಯಾರು ಯಾರು ಹೀಗೆ ಹೆದರಿ ಕಟ್ಟಿದರೋ ಕೇಳಲು ನನಗೆ ಧೈರ್ಯ ಬರಲಿಲ್ಲ. ಉಪನಿಧಿಯ ಪ್ರಕರಣವನ್ನು ಮಿತಾಕ್ಷರ ಸಮೇತ ಓದಿದ್ದವನು ನಾನು. ತಂದೆತಾಯಿಗಳು ಶಾಲೆಯಲ್ಲಿ ಇಟ್ಟದ್ದನ್ನು ಕೊಟ್ಟದ್ದೆಂದು ಬಗೆದು ಎರಡು ಬೀರು ಪುಸ್ತಕಗಳಿಗೆ ಮಾರಿದೆನು. ಅಸ್ವಾಮಿವಿಕ್ರಯವೆಂದರೆ ಬೇರೇನು?

ಇದನ್ನು ಹೇಳಿದುದ ಏಕೆಂದರೆ, ಕಾಯಿದೆಯು ೨೫೦ ಕೋಟಿಯ ದಂಡವನ್ನು ದೊಡ್ಡವರಿಗೆ ತೋರಿಸುತ್ತದೆ. ಆದರೆ ನಮ್ಮ ವಿವರಗಳು ಸೋರುವುದು ಬಹುಮಟ್ಟಿಗೆ ಸಣ್ಣವರ ಕೈಯಿಂದ, ಒಳ್ಳೆಯವರ ಕೈಯಿಂದಲೂ. ಸಂಘದ ಕಾರ್ಯದರ್ಶಿ, ಮದುವೆಯ ದಲ್ಲಾಳಿ, ನೆರಳಚ್ಚಿನ ಅಂಗಡಿಯವನು, ಶಾಲೆಯ ಮೇಷ್ಟ್ರು, ಇವರೆಲ್ಲರೂ ನಿಕ್ಷೇಪಧಾರಿಗಳೇ. ಗೃಹಸ್ಥರು ಮಾಡಬಹುದಾದ ಎರಡು ಮೂರು ಕಾರ್ಯಗಳುಂಟು. ಅಂಗಡಿಯವರು ಮೊಬೈಲ್ ಸಂಖ್ಯೆಯನ್ನು ಕೇಳಿದರೆ, ಕೊಡಲೇಬೇಕೆಂದಿಲ್ಲ. ಹಾಗೆ ಒತ್ತಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೩ರಲ್ಲಿಯೇ ವರ್ತಕರಿಗೆ ತಿಳಿಸಿದೆ. ಆಧಾರ್ ಪ್ರತಿಯನ್ನು ಕೇಳಿದಲ್ಲಿ, ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಪ್ರತಿಯೊಂದನ್ನು ಪ್ರಾಧಿಕಾರದವರೇ ಒದಗಿಸುತ್ತಾರೆ; ಅದನ್ನು ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ವಿವರವನ್ನು ಕೇಳಿದರೂ "ಏತಕ್ಕೆ?" ಎಂದು ಒಂದು ಮಾತು ಕೇಳುವ ಅಭ್ಯಾಸ ಬೇಕು. ಕೇಳಿದರೆ ಎದುರಿಗಿರುವವರು ಏನೆಂದುಕೊಂಡಾರೋ ಎಂಬ ಸಂಕೋಚದಿಂದಲೇ ನಾವು ಅರ್ಧ ವಿವರಗಳನ್ನು ಕಳೆದುಕೊಳ್ಳುತ್ತೇವೆ.

ನಮ್ಮ ಮನೆಯವರು ಮರುವಾರ ತಾವೇ ಆ ಪ್ರಯೋಗಾಲಯಕ್ಕೆ ಹೋಗಿ, "ನನ್ನ ಸಂಖ್ಯೆಯನ್ನು ಯಾರಿಗೆ ಕೊಟ್ಟಿರಿ?" ಎಂದು ಕೇಳಿದರು. ಅಲ್ಲಿಯ ಹುಡುಗಿಯು ಏನೂ ಅರಿಯದವಳಂತೆ ನೋಡಿದಳಂತೆ; ಯಜಮಾನನು ಒಳಗಿನಿಂದ ಬಂದು, ಇನ್ನು ಮುಂದೆ ಹಾಗಾಗದೆಂದು ಹೇಳಿದನಂತೆ. ಆಗುವುದೋ ಇಲ್ಲವೋ ನೋಡಬೇಕು. ಆದರೆ ಕೇಳುವವರು ಒಬ್ಬರಿದ್ದಾರೆಂದು ಅವನಿಗೆ ತಿಳಿಯಿತು. ಶಿಷ್ಯನಿಗೆ ಈ ಸಮಾಚಾರವನ್ನು ಬರೆದು ತಿಳಿಸಿದ್ದೇನೆ. ಅವನ ತಂದೆಯವರೂ ಹೋಗಿ ಕೇಳಲಿ.